ಚೀಲದ ತಳದ ಮರಳು

ದಾವಣಗೆರೆಯ ಆನೆಕೊಂಡದ ನಮ್ಮ ಬಾಡಿಗೆ ಮನೆಗೆ ಇದ್ದದ್ದು ಎರಡೇ ಕೋಣೆ. ಮುಂದಿನ ಕೋಣೆಯಲ್ಲಿ ಅಪ್ಪನ ಸೈಕಲ್ಲು, ಸುತ್ತಿಟ್ಟ ಹಾಸಿಗೆ, ನನ್ನ ಪುಸ್ತಕದ ಟ್ರಂಕು. ಹಿಂದಿನ ಕೋಣೆಯಲ್ಲಿ ಒಲೆ, ದೇವರ ಗೂಡು, ಮೂಲೆಯಲ್ಲೊಂದು ಬಚ್ಚಲು, ಮತ್ತು ಚೀಲ. ಚೀಲ ಎಂದರೆ ಊರಿನಿಂದ ಬರುವ ಗೋಣಿಚೀಲ. ನಮ್ಮೂರು ಹರಿಹರ ದಾಟಿ ಹೊಳೆಯ ದಂಡೆಯಲ್ಲಿತ್ತು. ಅಲ್ಲಿಂದ ಹದಿನೈದು ದಿನಕ್ಕೊಮ್ಮೆ ಆ ಚೀಲ ಬಸ್ಸಿನ ನೆತ್ತಿಯ ಮೇಲೆ ಕೂತು ದಾವಣಗೆರೆಗೆ ಬರುತ್ತಿತ್ತು. ಒಳಗೆ ಅಕ್ಕಿ, ಬಟ್ಟೆಯಲ್ಲಿ ಗಂಟು ಕಟ್ಟಿದ ಜೋಳ, ಕಾಲಕ್ಕೆ ತಕ್ಕಂತೆ ಅವರೆಕಾಯಿ, ಒಣಮೆಣಸಿನಕಾಯಿ. ಅದರ ಬಾಯನ್ನು ಅಜ್ಜಿಯೇ ದಬ್ಬಣದಿಂದ ಹೊಲಿದು ಕೊನೆಗೆ ಮೂರು ಗಂಟು ಹಾಕುತ್ತಿದ್ದಳು. ಆ ಗಂಟನ್ನು ಹಲ್ಲಿನಿಂದ ಬಿಚ್ಚಬೇಕೇ ಹೊರತು ಕತ್ತರಿ ಹಾಕುವಂತಿರಲಿಲ್ಲ, ಯಾಕೆಂದರೆ ಅದೇ ದಾರ, ಅದೇ ಚೀಲ ವಾಪಸ್ ಹೋಗಬೇಕು. ಬರಿದಾಗಿ ಮಾತ್ರ ಹೋಗಬಾರದು. ಬರಿ ಚೀಲ ಬರುವುದು ಸೂತಕದ ಮನೆಯಿಂದ ಎಂದು ನಮ್ಮ ಮನೆತನದಲ್ಲಿ ನಂಬಿಕೆ. ಹಾಗಾಗಿ ಅವ್ವ ಅದರಲ್ಲಿ ಸಕ್ಕರೆ, ಚಹಾಪುಡಿ, ಸೋಪು, ಅಜ್ಜಿಯ ಮಂಡಿನೋವಿನ ಎಣ್ಣೆ, ಎಲ್ಲಕ್ಕಿಂತ ಕೆಳಗೆ ಅಪ್ಪನ ಸಂಬಳದಲ್ಲಿ ಊರಿನ ಪಾಲನ್ನು ಲಕೋಟೆಯಲ್ಲಿಟ್ಟು ಹೊಲಿಯುತ್ತಿದ್ದಳು. ನನ್ನ ಬಾಲ್ಯವನ್ನು ನೆನೆದರೆ ಮೊದಲು ಮೂಗಿಗೆ ಬರುವುದು ಆ ಗೋಣಿಯ ವಾಸನೆ.

ಈ ಹೋಗುಬರುವಿಕೆಯ ಹಿಂದೆ ಒಂದು ಕರಾರಿತ್ತು. ಯಾರೂ ಬರೆದುಕೊಂಡಿರಲಿಲ್ಲ, ಆದರೆ ಎಲ್ಲರಿಗೂ ಬಾಯಿಪಾಠ. ಹೊಲಗದ್ದೆ ಒಟ್ಟಿಗೇ ಇತ್ತು. ಅದನ್ನು ನೋಡಿಕೊಳ್ಳುವುದು ದೊಡ್ಡಪ್ಪನ ಕೆಲಸ. ಪೇಟೆಯ ಹತ್ತಿ ಗಿರಣಿಯಲ್ಲಿ ದುಡಿದು ಊರಿಗೆ ಕಳಿಸುವುದು ಅಪ್ಪನ ಕೆಲಸ. ಎಲ್ಲಿಯವರೆಗೆ ಪೇಟೆಯಿಂದ ಸಂಬಳ ಬರುತ್ತದೋ ಅಲ್ಲಿಯವರೆಗೆ ನಾವು ಪೇಟೆಯಲ್ಲಿರಬಹುದು, ನಿಂತ ದಿನ ಗಂಟುಮೂಟೆ ಕಟ್ಟಿ ಊರಿಗೆ ಬಂದು ಗದ್ದೆಗಿಳಿಯಬೇಕು. ಇದರಲ್ಲಿ ಅನ್ಯಾಯವೇನೂ ಇರಲಿಲ್ಲ. ಆಳುಗಳ ಹಿಂದೆ ಒಬ್ಬರೇ ಓಡಾಡಿ ದೊಡ್ಡಪ್ಪ ಸಣ್ಣಗಾಗಿದ್ದರು. ಅವ್ವ ನಮ್ಮೊಂದಿಗೆ ಪೇಟೆಗೆ ಬಂದಿದ್ದರಿಂದ ಊರಮನೆಯ ದನಕರು, ಅಡುಗೆ ಎಲ್ಲ ದೊಡ್ಡಮ್ಮನ ಮೇಲೆ ಬಿದ್ದಿತ್ತು. ಅವರ ಮಗಳು ಶಾರದ ನನಗಿಂತ ಎರಡು ವರ್ಷ ದೊಡ್ಡವಳು. ಊರಿನ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು, ಹೈಸ್ಕೂಲಿಗೆ ಹರಿಹರಕ್ಕೆ ಬಸ್ಸು ಹತ್ತಬೇಕಿತ್ತು. ಹುಡುಗಿ ಒಬ್ಬಳೇ ಬಸ್ಸಿನಲ್ಲಿ ಹೋಗಿಬರುವುದು ಬೇಡ ಎಂದು ದೊಡ್ಡಪ್ಪ ಅವಳ ಓದನ್ನು ಅಲ್ಲಿಗೇ ನಿಲ್ಲಿಸಿದ್ದರು. ನಾನು ದಾವಣಗೆರೆಯಲ್ಲಿ ಏಳನೇ ಕ್ಲಾಸಿನಲ್ಲಿದ್ದೆ. ಊರಿಗೆ ಹೋದರೆ ನನ್ನದೂ ಅದೇ ಕತೆ ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ ಗಿರಣಿಗೆ ಬೀಗ ಬಿತ್ತು. ಒಂದಿಷ್ಟು ದಿನ ಗೇಟಿನ ಮುಂದೆ ಕೂಗಾಡಿದರು, ಆಮೇಲೆ ಸುಮ್ಮನಾದರು. ಬೀಗದ ಸುದ್ದಿ ಊರಿಗೆ ನಮಗಿಂತ ಮುಂಚೆಯೇ ಮುಟ್ಟಿತ್ತು. ಆಗ ಮೊಬೈಲಿನ ಕಾಲವಲ್ಲ, ಆದರೆ ಸುದ್ದಿಗೆ ಯಾವ ಕಾಲದಲ್ಲೂ ಕಾಲಿಗೆ ಬರವಿಲ್ಲ. ಅಪ್ಪ ಮೂರು ದಿನ ಗೋಡೆಗೆ ಒರಗಿ ಕೂತ. ನಾಲ್ಕನೆಯ ದಿನ ಅವ್ವ ಒಂದು ಇನ್‌ಲ್ಯಾಂಡ್ ಲೆಟರ್ ತಂದು ಅವನ ಮುಂದಿಟ್ಟಳು. ಹರಿಹರದ ಒಂದು ಫ್ಯಾಕ್ಟರಿಯಲ್ಲಿ ಪರ್ಮನೆಂಟ್ ಕೆಲಸ ಸಿಕ್ಕಿದೆ, ಚಿಂತೆ ಮಾಡಬೇಡಿ ಎಂದು ಬರೆಯಿರಿ ಅಂದಳು. ಅಪ್ಪ ಸುಳ್ಳು ಹೇಳುವ ಜಾತಿಯಲ್ಲ, ಅಷ್ಟು ಚಾಲಾಕಿತನ ಅವನಿಗೆ ಇರಲಿಲ್ಲ. ಅಣ್ಣನಿಗೆ ಹೆಂಗೆ ಬರೀಲಿ ಎಂದು ಪೆನ್ನು ಹಿಡಿದು ಒದ್ದಾಡಿದ. ಅವ್ವ ಒಂದೇ ಮಾತು ಹೇಳಿದಳು.

"ನಿರ್ಮಲಿ ಹೈಸ್ಕೂಲಿಗೆ ಸೇರೋವರ್ಗೂ ಬರೀರಿ. ಆಮ್ಯಾಲೆ ಬೇಕಾದ್ರೆ ನನ್ನ ಬೈಯ್ಲಿ."

ಹೀಗೆ ನನ್ನ ಓದು ಮನೆಯ ಮಧ್ಯೆ ಒಂದು ಕಳ್ಳಮಾಲಿನಂತೆ ಬಂದು ಕೂತಿತು. ಅಪ್ಪ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ನಿಜವಾಗಿಯೂ ಹರಿಹರಕ್ಕೇ ಹೋಗುತ್ತಿದ್ದ. ಫ್ಯಾಕ್ಟರಿಯ ಒಳಕ್ಕಲ್ಲ, ಗೇಟಿನ ಹೊರಗೆ ದಿನಗೂಲಿಗೆ ನಿಂತವರ ಸಾಲಿಗೆ. ಲಾರಿ ಬಂದರೆ ಮಾಲು ಇಳಿಸುವುದು, ಬಾರದಿದ್ದರೆ ಬುತ್ತಿ ಬಿಚ್ಚಿ ಉಂಡು ಬರುವುದು. ಹರಿಹರದ ಸಂತೆಯ ದಿನ ಮಾತ್ರ ಹೋಗುತ್ತಿರಲಿಲ್ಲ. ಸಂತೆಗೆ ದೊಡ್ಡಪ್ಪ ಬರುತ್ತಾರೆ, ಸಾಲಿನಲ್ಲಿ ತಮ್ಮ ನಿಂತಿರುವುದನ್ನು ಕಂಡರೆ ಮುಗಿಯಿತು. ಆ ದಿನ ಅವನು ಮುಂದಿನ ಕೋಣೆಯ ಕದ ಹಾಕಿಕೊಂಡು ನನ್ನ ಪಠ್ಯಪುಸ್ತಕ ಓದುತ್ತಿದ್ದ. ಮನೆ ನಡೆಯುತ್ತಿದ್ದದ್ದು ಅವ್ವನಿಂದ. ಅವಳು ಮಂಡಕ್ಕಿ ಭಟ್ಟಿಗೆ ಸೇರಿದ್ದಳು. ಊರಲ್ಲಿ ಆಳುಗಳಿಗೆ ಬುತ್ತಿ ಕಳಿಸಿದ ಮನೆಯ ಸೊಸೆ ಹೊಟ್ಟಿನ ಬೆಂಕಿಯ ಮುಂದೆ ಕೂಲಿಗೆ ಕೂತಳೆಂದರೆ ದೊಡ್ಡಪ್ಪನಿಗೆ ಗಿರಣಿಯ ಬೀಗಕ್ಕಿಂತ ಅದು ದೊಡ್ಡ ಪೆಟ್ಟು. ಆದ್ದರಿಂದ ಅವಳು ತಲೆಗೆ ಟವೆಲು ಸುತ್ತಿಕೊಂಡು ಹಿಂದಿನ ಓಣಿಯಿಂದ ಹೋಗಿ ಹಿಂದಿನ ಓಣಿಯಿಂದಲೇ ಬರುತ್ತಿದ್ದಳು. ಬಂದವಳೇ ತಲೆಗೆ ನೀರು ಹಾಕಿಕೊಂಡರೂ ಕೂದಲಿನ ಹೊಗೆ ಹೋಗುತ್ತಿರಲಿಲ್ಲ. ಅಂಗೈಯಿಂದ ಮೊಣಕೈವರೆಗೆ ಬಿಸಿಮರಳು ಸಿಡಿದ ಚುಕ್ಕೆಗಳು. ಅಪ್ಪ ಅವನ್ನು ನೋಡದೆ ಇರಲು ತಟ್ಟೆಯ ಮೇಲೇ ಕಣ್ಣಿಟ್ಟು ಉಣ್ಣುತ್ತಿದ್ದ. ನೋಡಿದ ದಿನ ಜಗಳ.

ಚೀಲ ಮಾತ್ರ ಹದಿನೈದು ದಿನಕ್ಕೆ ಸರಿಯಾಗಿ ಬರುತ್ತಿತ್ತು, ತುಂಬಿಕೊಂಡೇ ಹೋಗಬೇಕಿತ್ತು. ಲಕೋಟೆ ತೆಳ್ಳಗಾಯಿತು, ಸಕ್ಕರೆ ಅರ್ಧವಾಯಿತು, ಆಮೇಲೆ ಸೋಪು ನಿಂತಿತು. ಆಗ ಅವ್ವನಿಗೆ ಹೊಳೆದದ್ದು ಮಂಡಕ್ಕಿ. ಹಗುರ, ಚೀಲದ ಹೊಟ್ಟೆ ಉಬ್ಬುತ್ತದೆ, ಅಜ್ಜಿಗೂ ಪ್ರಾಣ. ಅವಳು ಸಂಜೆ ಒಂದು ಮುಷ್ಟಿ ಮಂಡಕ್ಕಿಗೆ ಹಸಿಮೆಣಸಿನಕಾಯಿ, ಈರುಳ್ಳಿ ಕಚ್ಚಿಕೊಳ್ಳದೆ ರೊಟ್ಟಿ ಮುಟ್ಟುವವಳಲ್ಲ. ಭಟ್ಟಿಯಲ್ಲಿ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿಯುತ್ತಾರೆ, ಅರಳಿದ್ದನ್ನು ಜರಡಿ ಹಿಡಿದು ಅಂಗಡಿಗೆ ಕಳಿಸುತ್ತಾರೆ. ರಾಶಿಯ ತಳದಲ್ಲಿ ಉಳಿದ ಮರಳು ಮಿಶ್ರಿತ ಮಂಡಕ್ಕಿ ಕೆಲಸದ ಹೆಂಗಸರಿಗೆ. ಅದನ್ನು ಅವ್ವ ಮನೆಗೆ ತರುತ್ತಿದ್ದಳು. ಮನೆಯಲ್ಲಿ ಎರಡು ಸಲ ಜರಡಿ ಹಿಡಿದು, ಬೆಳ್ಳಗಿದ್ದದ್ದನ್ನು ಊರಿಗೆ ತುಂಬಿ, ಮುರಿದದ್ದನ್ನು ನಮಗೆ ಒಗ್ಗರಣೆ ಹಾಕುತ್ತಿದ್ದಳು. ಆ ಐದು ತಿಂಗಳು ನಾವು ತಿಂದ ಒಗ್ಗರಣೆ ಮಂಡಕ್ಕಿಯನ್ನು ಹಾಸಿದ್ದರೆ ಪಿ.ಜೆ. ಬಡಾವಣೆಯ ರಸ್ತೆಗಳೆಲ್ಲ ಬೆಳ್ಳಗಾಗುತ್ತಿದ್ದವು. ಜರಡಿ ಹಿಡಿಯುವ ಕೆಲಸ ನನ್ನದು. ಅಂಗಡಿಯ ಮಂಡಕ್ಕಿಯಲ್ಲಿ ಮರಳು ಇರುವುದಿಲ್ಲ, ಒಂದು ಹರಳು ಸಿಕ್ಕರೂ ಇದು ಎಲ್ಲಿಯದು ಎಂದು ಗೊತ್ತಾಗುತ್ತದೆ ಎಂದು ಅವ್ವ ಪ್ರತಿ ಸಲವೂ ಹೇಳುತ್ತಿದ್ದಳು.

ಪ್ರತಿ ಸಲ ಹೇಳಿದ ಮಾತು ಕಿವಿಯಲ್ಲಿ ನಿಲ್ಲುವುದಿಲ್ಲ. ಬೇಸಿಗೆಯ ಹೊತ್ತಿಗೆ, ಪರೀಕ್ಷೆಗೆ ವಾರವಿರುವಾಗ, ಒಂದು ಬೆಳಿಗ್ಗೆ ಚೀಲ ಹೊಲಿದು ಎಂಟರ ಬಸ್ಸಿಗೆ ಮುಟ್ಟಿಸುವ ಕೆಲಸ ನನ್ನ ಮೇಲೆ ಬಿತ್ತು. ಅವ್ವ ಆಗಲೇ ಭಟ್ಟಿಗೆ ಹೋಗಿದ್ದಳು. ನಾನು ಗಣಿತದ ಲೆಕ್ಕವೊಂದಕ್ಕೆ ಸಿಕ್ಕಿಬಿದ್ದು ಹೊತ್ತು ಮರೆತಿದ್ದೆ. ಮಂಡಕ್ಕಿಯ ಮೇಲ್ಭಾಗ ಬೆಳ್ಳಗೆ ಕಂಡಿತು. ಒಂದು ದಿನಕ್ಕೇನಾಗುತ್ತದೆ ಎಂದುಕೊಂಡು ಹಾಗೆಯೇ ಸುರಿದು, ಮೂರು ಗಂಟು ಹಾಕಿ, ಸೈಕಲ್ಲಿನ ಮೇಲಿಟ್ಟು ತಳ್ಳಿಕೊಂಡು ಓಡಿದೆ. ಬಸ್ಸು ಸಿಕ್ಕಿತು. ಸಂಜೆ ಅವ್ವ ಜರಡಿ ಹಿಡಿದೆಯಾ ಎಂದು ಕೇಳಿದಾಗ ಹೂಂ ಎಂದೆ. ಲೆಕ್ಕವೂ ಸರಿ ಬಂದಿತ್ತು, ಅದೇ ಖುಷಿಯಲ್ಲಿದ್ದೆ.

ಪರೀಕ್ಷೆ ಮುಗಿದು ರಜೆ ಶುರುವಾಗಿತ್ತು. ಒಂದು ದಿನ ಹನ್ನೊಂದು ಗಂಟೆಗೆ ಬಾಗಿಲ ಮುಂದೆ ಆಟೊ ನಿಂತಿತು. ಮೊದಲು ಇಳಿದದ್ದು ಅಜ್ಜಿ, ಆಮೇಲೆ ದೊಡ್ಡಪ್ಪ, ಕೊನೆಗೆ ಶಾರದ. ಹೇಳದೆ ಕೇಳದೆ ಅವರು ಬಂದವರೇ ಅಲ್ಲ. ಅಪ್ಪ ಹರಿಹರದಲ್ಲಿ, ಅವ್ವ ಭಟ್ಟಿಯಲ್ಲಿ. ಅವ್ವ ಎಲ್ಲಿ ಎಂದರೆ ಹಿಟ್ಟಿನ ಗಿರಣಿಗೆ ಹೋಗಿದ್ದಾಳೆ, ಕರೆದುಕೊಂಡು ಬರುತ್ತೇನೆ ಎಂದೆ. ಬೆಲ್ಲ ನೀರು ಕೊಟ್ಟು ಹಿಂದಿನ ಓಣಿಗೆ ಬಿದ್ದು ಓಡಿದೆ. ಭಟ್ಟಿಯ ಹೊಗೆಯಲ್ಲಿ ಯಾವ ಟವೆಲಿನೊಳಗೆ ನನ್ನ ಅವ್ವ ಇದ್ದಾಳೆಂದು ಗುರುತು ಹತ್ತಲಿಲ್ಲ. ಕೂಗಿದೆ. ಅವಳು ಕೈಯಲ್ಲಿದ್ದ ಜರಡಿ ಕೆಳಗಿಟ್ಟು ನನ್ನ ಮುಖ ನೋಡಿದವಳೇ ಎಲ್ಲ ತಿಳಿದುಕೊಂಡಳು. ಅಲ್ಲಿಯೇ ನಲ್ಲಿಯಡಿ ಮುಖ ತೊಳೆದು, ದಾರಿಯಲ್ಲಿ ಅಂಗಡಿಯಿಂದ ಒಂದು ಕೇಜಿ ಜೋಳದ ಹಿಟ್ಟು ಕಟ್ಟಿಸಿಕೊಂಡು, ಸೆರಗು ಸರಿಮಾಡಿಕೊಂಡು ಮುಂಬಾಗಿಲಿನಿಂದ ಒಳಗೆ ಬಂದಳು. ಬರ್ರಿ ಬಾವ, ಯಾವಾಗ ಬಂದ್ರಿ ಎಂದು ನಗುತ್ತಾ ಕೇಳಿದಳು. ಅವಳ ದನಿ ಅಷ್ಟು ತೆಳ್ಳಗಿದ್ದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಬಸಣ್ಣ ಬರಲಿ, ಮಾತಾಡೋದಿದೆ ಎಂದು ಅಪ್ಪನ ಹೆಸರು ಹಿಡಿದು ಹೇಳಿ ದೊಡ್ಡಪ್ಪ ಚಾಪೆಯ ಮೇಲೆ ಕೂತರು. ಶಾರದ ಹೊಸ್ತಿಲ ಬಳಿ ಕೂತಿದ್ದಳು. ಹೊಸ ಲಂಗ ಉಟ್ಟಿದ್ದಳು, ಎರಡು ಜಡೆ ಹಾಕಿದ್ದಳು. ನನ್ನ ಟ್ರಂಕನ್ನೇ ನೋಡುತ್ತಿದ್ದಳು, ಒಂದು ಸಲ ಅದರ ಚಿಲಕ ಮುಟ್ಟಿಯೂ ನೋಡಿದಳು. ನನ್ನ ಪುಸ್ತಕಗಳ ಮೇಲೆ ಇವಳಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ನಾನು ಅಷ್ಟು ಸಣ್ಣವಳಿದ್ದೆ, ಮನಸ್ಸಿನಲ್ಲಿ ಕೂಡ. ಅಜ್ಜಿ ಅಡುಗೆಗೆ ಕೈ ಹಾಕುತ್ತೇನೆಂದು ಹಿಂದಿನ ಕೋಣೆಗೆ ಬಂದಳು. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಅಜ್ಜಿ ಒಲೆಯ ಮುಂದೆ ಅವ್ವನ ಪಕ್ಕ ಕೂತು ಅವಳ ಕೂದಲನ್ನು ಮೂಸಿದಳು. ಆಮೇಲೆ ಅವಳ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿ ಚುಕ್ಕೆಗಳ ಮೇಲೆ ಹೆಬ್ಬೆರಳು ಆಡಿಸಿದಳು. ಅವ್ವ ಕೈ ಎಳೆದುಕೊಳ್ಳಲಿಲ್ಲ.

"ಎಷ್ಟು ದಿನ ಆತು?"

"ಐದು ತಿಂಗ್ಳು, ಅತ್ತೆ."

"ಬಸಣ್ಣಂದು?"

"ಸಿಕ್ಕ ದಿನ ಐತೆ, ಸಿಗದ ದಿನ ಇಲ್ಲ."

ಅಜ್ಜಿ ರೊಟ್ಟಿ ಹಿಟ್ಟು ಎಳೆದುಕೊಂಡು ನಾದಲು ಶುರುಮಾಡಿದಳು. ಅವಳು ಕೋಪದಲ್ಲಿದ್ದಾಳೋ, ಅಳುತ್ತಿದ್ದಾಳೋ ತಿಳಿಯದೆ ನಾನು ಈರುಳ್ಳಿಯ ನೆಪದಲ್ಲಿ ಕಣ್ಣೊರೆಸಿಕೊಂಡೆ. ಮಧ್ಯಾಹ್ನದ ಊಟದಲ್ಲಿ ದೊಡ್ಡಪ್ಪ ಪಲ್ಯ ಚೆನ್ನಾಗಿದೆ ಎಂದರು, ಅವ್ವ ಇನ್ನಷ್ಟು ಬಡಿಸಿದಳು, ಅಷ್ಟೇ.

ಅಪ್ಪ ಬಂದದ್ದು ಸಂಜೆ ಐದಕ್ಕೆ. ಅವನ ಅಂಗಿಯ ಹೆಗಲ ಮೇಲೆ ಸಿಮೆಂಟಿನ ಧೂಳು ಇತ್ತು. ಅಣ್ಣನನ್ನು ಕಂಡು ಬಾಗಿಲಲ್ಲೇ ನಿಂತ, ಆಮೇಲೆ ಕಾಲು ಮುಟ್ಟಿ ನಮಸ್ಕಾರ ಮಾಡಿದ. ದೊಡ್ಡಪ್ಪ ಸುತ್ತಿ ಬಳಸಿ ಮಾತಾಡುವವರಲ್ಲ. ಕಳೆದ ಸಂತೆಗೆ ಹೋದಾಗ ಆ ಫ್ಯಾಕ್ಟರಿಯ ಗೇಟಿನಲ್ಲಿ ತಮ್ಮನ ಹೆಸರು ಹೇಳಿ ಕೇಳಿದ್ದರಂತೆ, ಅಂಥವರು ಯಾರೂ ಇಲ್ಲ ಎಂದರಂತೆ. ಅದನ್ನು ಅವರು ಕೂಗದೆ, ಬೆವರಿದ ಮುಖ ಒರೆಸಿಕೊಳ್ಳುತ್ತಾ ಹೇಳಿದರು. ಅಪ್ಪ ನೆಲ ನೋಡುತ್ತಾ ನಿಂತಿದ್ದ.

"ಕೆಲಸ ಇಲ್ಲ ಅಂದ್ರೆ ಇಲ್ಲ ಅನ್ನು ಬಸಣ್ಣ. ನಾನೇನು ಹೊಡೀತೀನಾ? ನಾಳೆ ಟ್ರ್ಯಾಕ್ಟ್ರು ತರ್ತೀನಿ, ಸಾಮಾನು ಹಾಕ್ಕಂಡು ಊರಿಗೆ ಹೋಗಾಣ. ಅಲ್ಲಿ ನಾನೊಬ್ಬನೇ ಒದ್ದಾಡ್ತಿದೀನಿ. ನನ್ನ ಮಗಳು ಶಾಲೆ ಬಿಟ್ಟು ಸಗಣಿ ಬಾಚ್ತಾಳೆ. ನಾನು ಯಾರನ್ನಾದ್ರೂ ಕೇಳೀನಾ?"

ಅಪ್ಪ ತಲೆ ಎತ್ತಿದ, ಅವನು ನಿಜ ಹೇಳಿಬಿಡುತ್ತಾನೆ ಎಂದು ನನಗೆ ಗೊತ್ತಾಯಿತು. ಅವ್ವ ನನ್ನ ಭುಜ ಹಿಡಿದಿದ್ದಳು, ಅವಳ ಉಗುರು ಚರ್ಮಕ್ಕೆ ಇಳಿಯುತ್ತಿತ್ತು. ಆಗ ಅಜ್ಜಿ ಕೂತಲ್ಲಿಂದಲೇ ಕೊರಳಿಗೆ ಕೈ ಹಾಕಿದಳು. ಅವಳ ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ ಇತ್ತು. ಮದುವೆಗೆ ಮುಂಚಿನಿಂದ ಅದು ಮೈಮೇಲಿನಿಂದ ಇಳಿದದ್ದಿಲ್ಲ. ಊರಿನಲ್ಲಿ ಎರಡು ಮನೆಗಳ ವ್ಯಾಜ್ಯ ಅಜ್ಜಿ ಕರಡಿಗೆ ಮುಟ್ಟಿ ಹೇಳಿದ ಮಾತಿನಿಂದ ತೀರಿದ್ದನ್ನು ನಾನೇ ಕಂಡಿದ್ದೆ.

"ಅವನಿಗೆ ಕೆಲಸ ಐತೆ. ನಂಗೆ ಗೊತ್ತೈತೆ. ಇದನ್ನ ಮುಟ್ಟಿ ಹೇಳ್ತೀನಿ. ಇನ್ನ ಆ ಮಾತು ಸಾಕು ಮಾಡು."

ದೊಡ್ಡಪ್ಪ ತಾಯಿಯ ಮುಖ ನೋಡಿದರು. ಆಮೇಲೆ ಟವೆಲು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಶಾರದ ಅದಕ್ಕೂ ಮುಂಚೆ ಎದ್ದು ಹೊರಗೆ ಹೋಗಿದ್ದಳು. ಅಂಗಳದ ನಲ್ಲಿಯ ಹತ್ತಿರ ನಮಗೆ ಬೆನ್ನು ಹಾಕಿ ನಿಂತಿದ್ದಳು. ನೀರು ಕುಡಿಯುತ್ತಿದ್ದಾಳೆ ಎಂದುಕೊಂಡೆ. ಅವಳ ಕಡೆ ನನ್ನ ಗಮನ ಇರಲಿಲ್ಲ, ನಾನು ಉಳಿದುಕೊಂಡೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಆಟೊ ಹತ್ತುವ ಮುಂಚೆ ಅಜ್ಜಿ ನನ್ನನ್ನು ಪಕ್ಕಕ್ಕೆ ಕರೆದು ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗಿದ್ದದ್ದನ್ನು ನನ್ನ ಅಂಗೈಗೆ ಸುರಿದಳು. ಮರಳು, ಒಂದು ಚಿಟಿಕೆಗಿಂತ ಸ್ವಲ್ಪ ಜಾಸ್ತಿ.

"ಜರಡಿ ಹಿಡಿಯೋದು ನಿನ್ನ ಕೆಲಸ ಹೌದಲ್ಲ? ಸರಿಯಾಗಿ ಹಿಡಿ. ಇನ್ನೊಂದ್ ಸಲ ಹಿಂಗಾದ್ರೆ ನನ್ನ ಹತ್ರ ಇನ್ನೊಂದು ಆಣೆ ಇಲ್ಲ."

ಅವರು ಹೋದ ಮೇಲೆ ಅವ್ವನಿಗೆ ನಿಜ ಹೇಳಿದೆ. ಅವಳು ಒಂದು ಏಟು ಹಾಕಿದಳು, ಆಮೇಲೆ ತಬ್ಬಿಕೊಂಡಳು, ಆಮೇಲೆ ಮತ್ತೊಂದು ಏಟು ಹಾಕಿದಳು. ಜೂನ್‌ನಲ್ಲಿ ನಾನು ಹೈಸ್ಕೂಲಿಗೆ ಸೇರಿದೆ. ಮುಂದಿನ ವರ್ಷ ಅಪ್ಪನಿಗೆ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಗಟ್ಟಿಯಾಯಿತು, ಅಜ್ಜಿಯ ಸುಳ್ಳು ತಡವಾಗಿ ನಿಜವಾಯಿತು. ಚೀಲ ಹೋಗಿಬರುತ್ತಲೇ ಇತ್ತು. ಆದರೆ ಅಜ್ಜಿ ಆ ಬೇಸಿಗೆಯಿಂದ ಮಂಡಕ್ಕಿ ಬಾಯಿಗೆ ಹಾಕಲಿಲ್ಲ. ಮನೆಯವರೆಲ್ಲ ಹಲ್ಲು ಹೋದವು, ಅದಕ್ಕೆ ಎಂದುಕೊಂಡರು. ಹಲ್ಲು ಹೋಗುವುದಕ್ಕೆ ಇನ್ನೂ ಎಷ್ಟೋ ವರ್ಷ ಇತ್ತು. ಲಿಂಗ ಮುಟ್ಟಿ ಸುಳ್ಳು ಹೇಳಿದ್ದಕ್ಕೆ ಅವಳು ತಾನೇ ಹಾಕಿಕೊಂಡ ಶಿಕ್ಷೆ ಎಂದು ನನಗೆ ಮಾತ್ರ ಗೊತ್ತು ಎಂದು ನಾನು ನಂಬಿದ್ದೆ. ಮುಂದೆ ನಾನು ಹೈಸ್ಕೂಲಿನ ಮೇಡಂ ಆದೆ. ಪ್ರತಿ ವರ್ಷ ಬೀಳ್ಕೊಡುಗೆಯ ದಿನ ಹುಡುಗಿಯರಿಗೆ ನನ್ನ ಅಜ್ಜಿಯ ಆಣೆಯ ಕತೆ ಹೇಳುತ್ತಿದ್ದೆ. ಅವರು ಚಪ್ಪಾಳೆ ತಟ್ಟುತ್ತಿದ್ದರು.

ಈಗ ನನ್ನ ಮನೆ ದೇವರಾಜ ಅರಸು ಬಡಾವಣೆಯಲ್ಲಿದೆ. ಅಜ್ಜಿ, ದೊಡ್ಡಪ್ಪ, ಅಪ್ಪ, ಅವ್ವ ಯಾರೂ ಇಲ್ಲ. ಊರಿನ ಗದ್ದೆಯನ್ನು ಶಾರದ ನೋಡಿಕೊಳ್ಳುತ್ತಾಳೆ. ಗೊಬ್ಬರಕ್ಕೆ, ಆಳಿಗೆ ಬೇಕಾದದ್ದನ್ನು ನಾನು ಫೋನಿನಲ್ಲೇ ಕಳಿಸುತ್ತೇನೆ, ಅವಳು ಅಕ್ಕಿ ಕಳಿಸುತ್ತಾಳೆ, ಚೀಲದ ಬಾಯಿಗೆ ಅದೇ ಮೂರು ಗಂಟು. ಈ ಸಲ ಚೀಲದ ಜೊತೆ ಅವಳೇ ಬಂದಿದ್ದಳು. ಹೊರಡುವ ಹೊತ್ತಿಗೆ ನಾನು ಅಂಗಡಿಯಿಂದ ತಂದ ಮಂಡಕ್ಕಿಯನ್ನು ಮೊರದಲ್ಲಿ ಸುರಿದುಕೊಂಡು ಜರಡಿ ಹಿಡಿಯುತ್ತಿದ್ದೆ. ಅಂಗಡಿ ಮಂಡಕ್ಕಿಗೆ ಯಾಕ ಜರಡಿ ಎಂದು ಅವಳು ನಕ್ಕಳು. ನಾನು ಹುರುಪಿನಿಂದ ಅಜ್ಜಿಯ ಆಣೆಯ ಕತೆ ಶುರುಮಾಡಿದೆ. ಅವಳು ಅಲ್ಲಿಯೇ ಇದ್ದಳಲ್ಲ ಎಂಬುದೇ ಮರೆತು ಹೋಗಿತ್ತು. ಅವಳು ಕೊನೆಯವರೆಗೂ ಕೇಳಿದಳು.

"ಆ ಚೀಲ ಬಿಚ್ಚಿದ್ದು ನಾನು ನಿರ್ಮಲಿ. ಒಂದು ಹಿಡಿ ಬಾಯಿಗೆ ಹಾಕ್ಕಂಡೆ, ಹಲ್ಲಿಗೆ ಮರಳು ಸಿಕ್ತು. ತಗಂಡೋಗಿ ಅಜ್ಜಿಗೆ ತೋರ್ಸಿದೆ."

ಒಳ್ಳೆಯದೇ ಮಾಡಿದೆ, ದೊಡ್ಡಪ್ಪನಿಗೆ ತೋರಿಸಲಿಲ್ಲವಲ್ಲ ಎಂದೆ. ಶಾರದ ತಲೆ ಅಲ್ಲಾಡಿಸಿದಳು.

"ನಿಮ್ಮನ್ನ ಉಳಿಸ್ಲಿ ಅಂತ ತೋರ್ಸಿದ್ದಲ್ಲ. ವಾಪಸ್ ಕರಸ್ಲಿ ಅಂತ. ಒಬ್ಬಳನ್ನೇ ಹರಿಹರದ ಬಸ್ಸಿಗೆ ಹತ್ತಸಲ್ಲ ಅಂತಿದ್ರಲ್ಲ ಅಪ್ಪ. ನೀನು ಬಂದ್ರೆ ಇಬ್ರಾಗ್ತೀವಿ, ಇಬ್ರನ್ನೂ ಕಳಿಸ್ತಾರೆ ಅಂದ್ಕಂಡಿದ್ದೆ. ನಿನ್ನ ಟ್ರಂಕು ಹೊತ್ಕಂಡು ಹೋಗಾಕೆ ಅಂತ್ಲೇ ಹೊಸ ಲಂಗ ಹಾಕ್ಕಂಡು ಬಂದಿದ್ದು."

ನನ್ನ ಕೈಯಲ್ಲಿ ಜರಡಿ ನಿಂತಿತು. ಅಜ್ಜಿ ಮಂಡಕ್ಕಿ ಬಿಟ್ಟದ್ದು ಯಾಕೆಂದು ಗೊತ್ತಾ ಎಂದು ಅವಳೇ ಕೇಳಿದಳು. ಸುಳ್ಳು ಆಣೆಗೆ ಎಂದೆ. ಆಣೆಗಲ್ಲ, ಅವತ್ತು ಬಸ್ಸಿನಲ್ಲಿ ಹರಿಹರ ಬರುವವರೆಗೂ ತಾನು ಅತ್ತದ್ದಕ್ಕೆ ಎಂದಳು. ಅಜ್ಜಿ ಇವಳ ತಲೆ ಸವರುತ್ತಾ ಕೂತಿದ್ದಳಂತೆ. ಇದನ್ನೆಲ್ಲ ಶಾರದ ಮುನಿಸಿಲ್ಲದೆ, ಬೆಳೆಯ ವಿಷಯ ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಮುನಿಸು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನನಗೆ ನಾಚಿಕೆಯಾಯಿತು, ಎಷ್ಟೋ ವರ್ಷಗಳ ಚಪ್ಪಾಳೆಗಳೆಲ್ಲ ಒಟ್ಟಿಗೇ ನೆನಪಾಗಿ ನಾಚಿಕೆಯಾಯಿತು. ನೀನು ಬಸ್ಸಿನಲ್ಲಿ ಅತ್ತದ್ದು ನನಗೆ ಗೊತ್ತಿರಲಿಲ್ಲ ಎಂದೆ. ಅವಳು ಗೋಡೆಯ ಗಡಿಯಾರ ನೋಡಿದಳು.

"ಸಾಕು, ಸುರಿ. ಬಸ್ಸಿಗೆ ಹೊತ್ತಾತು."

ಅವಳು ಚೀಲದ ಬಾಯಿ ಅಗಲಿಸಿ ಹಿಡಿದಳು. ಮೊರದಲ್ಲಿ ಒಂದು ಹರಳೂ ಇರಲಿಲ್ಲ. ಆದರೂ ನಾನು ಇನ್ನೊಂದು ಸಲ ಜರಡಿ ಹಿಡಿದೆ.